ತೊಪ್ಪೂರು ಘಾಟಿಯೂ ಬಿಗಿದ ನಟ್ಟೂ

ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಕಾರಿನ ಪ್ರಯಾಣ ಈಗ ವಿಶೇಷದ ಸಂಗತಿಯಾಗಿ ಉಳಿದಿಲ್ಲ. ನಂಟರ ಮನೆಯ ಮದುವೆಗೆ ಬೆಂಗಳೂರು, ಹರಕೆ ತೀರಿಸಲು ಮೆಟ್ಟೂರು, ಪಾಲಾರಿನ ದಾರಿಯಾಗಿ ಮಲೆ ಮಹದೇಶ್ವರ ಬೆಟ್ಟ, ರಜೆಗೆ ಬಂದ ಮೊಮ್ಮಕ್ಕಳ ಸಂತೋಷಕ್ಕೆ ಹೊಗೇನಕಲ್ಲು ಅಥವಾ ಏರ್ಕಾಡು: ಹೀಗೆ ವರ್ಷದಲ್ಲಿ ಹಲವು ಬಾರಿ ಮನೆಮಂದಿಯೆಲ್ಲ ಒಂದೇ ವಾಹನದಲ್ಲಿ ಹೊರಡುವುದುಂಟು. ಹೊರಡುವ ಮುನ್ನ ಪೆಟ್ರೋಲು ನೋಡುತ್ತೇವೆ, ಚಕ್ರದ ಗಾಳಿ ನೋಡುತ್ತೇವೆ, ನಿಂಬೆಹಣ್ಣನ್ನೂ ಮರೆಯುವುದಿಲ್ಲ. ಡಿಕ್ಕಿಯಲ್ಲಿ ಜಾಕಿ, ಸ್ಪ್ಯಾನರು ಮತ್ತು ಸ್ಟೆಪ್ನಿ ಚಕ್ರ ಇವೆಯೆಂಬ ಧೈರ್ಯವೂ ಇರುತ್ತದೆ. ಆದರೆ ಈ ಮೂರೂ ಕೈಗೆ ಸಿಕ್ಕಿ, ಚಕ್ರವನ್ನು ಹಿಡಿದಿರುವ ನಾಲ್ಕೈದು ನಟ್ಟುಗಳಲ್ಲಿ ಒಂದೇ ಒಂದು ಅಲುಗದೆ ಕುಳಿತರೆ ಉಳಿದ ಸಿದ್ಧತೆಯೆಲ್ಲ ವ್ಯರ್ಥ.

ಈ ‘ಸ್ಟೆಪ್ನಿ’ ಎಂಬ ಮಾತಿನ ಹುಟ್ಟು ಸ್ವಾರಸ್ಯಕರವಾದುದು. 1904ರಲ್ಲಿ ವೇಲ್ಸ್ ದೇಶದ ಲನೆಥ್ಲಿ ಪಟ್ಟಣದ ಡೇವಿಸ್ ಸಹೋದರರು ಕಾರಿಗೆ ಹೆಚ್ಚುವರಿ ಚಕ್ರವೊಂದನ್ನು ರೂಪಿಸಿ ಮಾರತೊಡಗಿದರು. ಅವರ ಅಂಗಡಿ ಇದ್ದ ಬೀದಿಯ ಹೆಸರು ಸ್ಟೆಪ್ನಿ. ಆ ಬೀದಿಯ ಹೆಸರು ಅಲ್ಲಿನವರ ಮಾತಿನಿಂದ ಬಹುಮಟ್ಟಿಗೆ ಮರೆಯಾದರೂ ನಮ್ಮ ಕನ್ನಡದಲ್ಲಿಯೂ ನೆರೆಯ ತಮಿಳಿನಲ್ಲಿಯೂ ಮನೆಮಾತಾಗಿ ಉಳಿದಿದೆ. ಅಂದಿನ ಮೊದಲ ಸ್ಟೆಪ್ನಿಗೆ ನಟ್ಟು ಬಿಚ್ಚುವ ಗೋಜೇ ಇರಲಿಲ್ಲವೆಂಬುದು ಇನ್ನೊಂದು ವಿಶೇಷ. ಕೆಟ್ಟ ಚಕ್ರವನ್ನು ತೆಗೆಯದೆ ಅದರ ಪಕ್ಕಕ್ಕೇ ಕೊಕ್ಕೆಗಳಿಂದ ಬಿಗಿಯುವ ಏರ್ಪಾಡು ಅದು.

ನಮ್ಮ ಭಾಗದಲ್ಲಿ ಈ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಲಾಗದಿರುವುದಕ್ಕೆ ಕಾರಣ ತೊಪ್ಪೂರು. ಧರ್ಮಪುರಿಯ ಎತ್ತರದ ನೆಲ ಮುಗಿದು ಹೆದ್ದಾರಿಯು ಸೇಲಂ ಬಯಲಿಗೆ ಇಳಿಯುವ ಕಣಿವೆ ಅದು. 1790ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ದಕ್ಷಿಣಕ್ಕೆ ಇಳಿದದ್ದೂ ಈ ಕಣಿವೆಯಿಂದಲೇ. ಹಿಂದೆ 7ನೆಯ ಸಂಖ್ಯೆಯದಾಗಿದ್ದು ಈಗ 44ನೆಯದೆನಿಸಿರುವ ರಾಷ್ಟ್ರೀಯ ಹೆದ್ದಾರಿಯು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಸರಕನ್ನೆಲ್ಲ ಇಲ್ಲಿ ಇಳಿಜಾರಿಗೆ ತಂದು ಬಿಡುತ್ತದೆ. ಭಾರ ಹೊತ್ತ ಲಾರಿಗಳ ಬ್ರೇಕು ಕಾದು ಹಿಡಿತ ತಪ್ಪುವುದೂ ಮುಂದಿನ ವಾಹನಗಳ ಮೇಲೆ ಬೀಳುವುದೂ ಇಲ್ಲಿ ಮತ್ತೆ ಮತ್ತೆ ನಡೆದಿದೆ. 2020ರ ಡಿಸೆಂಬರಿನಲ್ಲಿ, ಪುನಃ 2024ರ ಜನವರಿಯಲ್ಲಿ ಸಾಲುಸಾಲಾಗಿ ವಾಹನಗಳು ಒಂದಕ್ಕೊಂದು ಬಡಿದು ಜೀವಹಾನಿಯಾದುದನ್ನು ನಮ್ಮ ಓದುಗರು ಮರೆತಿರಲಾರರು. ಇಂತಹ ಇಳಿಜಾರಿನ ಅಂಚಿನಲ್ಲಿ ರಾತ್ರಿಯ ಹೊತ್ತು, ಬೆನ್ನನ್ನು ರಸ್ತೆಗೆ ತಿರುಗಿಸಿ ಕುಳಿತು, ಅಲುಗದ ನಟ್ಟಿನೊಡನೆ ಅರ್ಧ ಗಂಟೆ ಹೆಣಗುವುದೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ನಟ್ಟು ಬಿಚ್ಚುತ್ತದೆಯೋ ಇಲ್ಲವೋ ಎಂಬುದನ್ನು ತೊಪ್ಪೂರಿನಲ್ಲಿ ಕಂಡುಕೊಳ್ಳಬಾರದು. ಮನೆಯ ಅಂಗಳದಲ್ಲಿ, ಹಗಲು ಹೊತ್ತಿನಲ್ಲಿ, ಕಾರಿನ ಜೊತೆಗೆ ಬಂದ ಸ್ಪ್ಯಾನರಿನಿಂದಲೇ ಕಂಡುಕೊಳ್ಳಬೇಕು. ಈ ಲೇಖನದ ಮುಖ್ಯ ಬಿನ್ನಹ ಇಷ್ಟೇ.

ನಟ್ಟು ಏಕೆ ಬಿಗಿಯುತ್ತದೆ? ತುಕ್ಕಿನಿಂದ ಎಂಬುದು ಎಲ್ಲರೂ ಥಟ್ಟನೆ ಕೊಡುವ ಉತ್ತರ. ಅದು ನಿಜವೇ ಹೌದು, ಆದರೆ ಅರ್ಧ ನಿಜ. ಕಬ್ಬಿಣವು ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಮಿಗಿಲಾಗಿ ಹಿಗ್ಗುತ್ತದೆ. ನಟ್ಟಿಗೂ ಬೋಲ್ಟಿಗೂ ನಡುವೆ ಇರುವ ಕೂದಲೆಳೆಯಷ್ಟು ಎಡೆಯಲ್ಲಿ ಈ ಹಿಗ್ಗಿದ ತುಕ್ಕು ಬೆಣೆಯಂತೆ ಕೂರುತ್ತದೆ. ಕಂಜಮಲೆಯ ಕಬ್ಬಿಣದ ಅದಿರನ್ನು ನೂರಾರು ವರ್ಷಗಳಿಂದ ಕರಗಿಸುತ್ತ ಬಂದ ಸೇಲಂ ಸೀಮೆಯವರಿಗೆ ಕಬ್ಬಿಣದ ಈ ಸ್ವಭಾವವನ್ನು ಯಾರೂ ಕಲಿಸಬೇಕಾಗಿಲ್ಲ. ಸೇಲಂ ಉಕ್ಕಿನ ಕಾರ್ಖಾನೆಯ ಸ್ಟೇನ್‌ಲೆಸ್ ಹಾಳೆಯಂತೆ ಕಾರಿನ ನಟ್ಟು ತುಕ್ಕು ಹಿಡಿಯದ ಲೋಹದ್ದಲ್ಲ. ಅದು ಸಾಮಾನ್ಯ ಉಕ್ಕು, ಮೇಲೆ ತೆಳ್ಳನೆಯ ಲೇಪನ ಮಾತ್ರ. ಕಾರನ್ನು ಹೊಳೆಯ ನೀರಿನಲ್ಲಿ ನಿಲ್ಲಿಸಿ ತೊಳೆಯುವ, ಒಂದೇ ಚಕ್ರವನ್ನು ಮೂರು ನಾಲ್ಕು ವರ್ಷ ಬಿಚ್ಚದೆ ಓಡಿಸುವ ಮನೆಗಳಲ್ಲಿ ತುಕ್ಕು ತನ್ನ ಕೆಲಸವನ್ನು ಮಾಡಿಯೇ ಮಾಡುತ್ತದೆ.

ಉಳಿದರ್ಧಕ್ಕೆ ತುಕ್ಕನ್ನು ದೂರಲಾಗದು. ನಮ್ಮದು ಬಹುಮಟ್ಟಿಗೆ ಒಣ ಹವೆಯ ಸೀಮೆ, ಕಡಲ ಉಪ್ಪುಗಾಳಿ ಇಲ್ಲಿಗೆ ಬೀಸುವುದಿಲ್ಲ. ಹಾಗಿದ್ದೂ ನಿನ್ನೆ ಮೊನ್ನೆ ಹೊಸ ಟೈರು ಹಾಕಿಸಿದ ಚಕ್ರದ ನಟ್ಟೇ ಬಿಚ್ಚದೆ ಹೋಗುವುದುಂಟು. ಇದು ಗಾಳಿಯ ಒತ್ತಡದಿಂದ ತಿರುಗುವ ಗನ್ನಿನ ಪ್ರತಾಪ. ಸಾಮಾನ್ಯವಾದ ಸಣ್ಣ ಕಾರುಗಳ ನಟ್ಟನ್ನು ಸುಮಾರು 8ರಿಂದ 11 ಕಿಲೋಗ್ರಾಂ-ಮೀಟರಿನಷ್ಟು ಬಿಗಿದರೆ ಸಾಕೆಂದು ತಯಾರಕರು ಕೈಪಿಡಿಯಲ್ಲಿ ನಮೂದಿಸಿರುತ್ತಾರೆ. ಅರ್ಥಾತ್, ಒಂದು ಮೀಟರು ಉದ್ದದ ಹಿಡಿಯ ತುದಿಗೆ ಎಂಟರಿಂದ ಹನ್ನೊಂದು ಕಿಲೋ ತೂಕವನ್ನು ತೂಗುಬಿಟ್ಟಷ್ಟು ಬಲ. ಟೈರು ಅಂಗಡಿಯ ಗನ್ನಾದರೋ ಇದರ ನಾಲ್ಕೈದು ಪಟ್ಟು ಬಲವನ್ನು ಒಂದೆರಡು ಕ್ಷಣಗಳಲ್ಲಿ ಹಾಕಬಲ್ಲುದು. ಕೆಲಸದ ಹುಡುಗ ಗುಂಡಿಯನ್ನು ಒತ್ತಿಯೇ ಹಿಡಿದರೆ ನಟ್ಟು ಬಿಗಿಯುತ್ತಲೇ ಹೋಗುತ್ತದೆ. ‘ಕರ್‌ರ್’ ಎಂಬ ಆ ಸದ್ದು ನಮಗೆ ಭದ್ರತೆಯ ಸದ್ದಾಗಿ ಕೇಳಿಸುತ್ತದೆ.

ಇದರ ಲೆಕ್ಕವನ್ನು ಸ್ವಲ್ಪ ನೋಡೋಣ. ಕಾರಿನೊಡನೆ ಬರುವ ಸ್ಪ್ಯಾನರಿನ ಹಿಡಿ ಸುಮಾರು 25 ಸೆಂಟಿಮೀಟರು, ಒಂದು ಗೇಣಿಗಿಂತ ತುಸು ಹೆಚ್ಚು. ಸರಿಯಾಗಿ ಬಿಗಿದ ನಟ್ಟನ್ನು ಇದರಿಂದ ಸಡಿಲಿಸಲು ಸುಮಾರು 40 ಕಿಲೋ ತೂಕ ಹಾಕಬೇಕು. ಮನೆಯ ಹೆಂಗಸರೂ ಕಾಲೇಜಿಗೆ ಹೋಗುವ ಮಗನೂ ಇದನ್ನು ಮಾಡಬಲ್ಲರು. ಅದೇ ನಟ್ಟನ್ನು ಗನ್ನು 25 ಕಿಲೋಗ್ರಾಂ-ಮೀಟರಿಗೆ ಬಿಗಿದಿದ್ದರೆ ನೂರು ಕಿಲೋ ಬೇಕಾಗುತ್ತದೆ. ಅಷ್ಟು ತೂಕದ ಮನುಷ್ಯ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಇದ್ದರೂ ಅವರು ರಸ್ತೆಯಲ್ಲಿ ಕುಕ್ಕರುಗಾಲಿನಲ್ಲಿ ಕೂರುವವರಲ್ಲ.

ಮೂರನೆಯ ಕಾರಣವೊಂದಿದೆ. ಈಚೆಗೆ ಚೆಲುವಿಗಾಗಿ ಹಾಕಿಸುವ ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರಗಳು ಉಕ್ಕಿನ ಗುಂಬಕ್ಕೆ ತಾಗುವ ಕಡೆ, ತೇವ ಸೇರಿದಾಗ ಎರಡು ಲೋಹಗಳ ನಡುವೆ ಬ್ಯಾಟರಿಯಲ್ಲಿ ನಡೆಯುವಂತಹ ಕ್ರಿಯೆ ನಡೆದು ಬಿಳಿಯ ಪುಡಿ ಕಟ್ಟುತ್ತದೆ. ಆಗ ನಟ್ಟುಗಳೆಲ್ಲ ಬಿಚ್ಚಿದರೂ ಚಕ್ರ ಕಳಚುವುದಿಲ್ಲ.

ಇನ್ನು ಬಿಚ್ಚುವ ಕ್ರಮ. ಚಕ್ರ ನೆಲದ ಮೇಲೆ ಊರಿರುವಾಗಲೇ ನಟ್ಟುಗಳನ್ನು ಸಡಿಲಿಸಬೇಕು, ಜಾಕಿ ಆಮೇಲೆ. ಇದು ಎಲ್ಲರಿಗೂ ಗೊತ್ತಿದ್ದೂ ಗಡಿಬಿಡಿಯಲ್ಲಿ ಎಲ್ಲರೂ ತಪ್ಪುವ ನಿಯಮ. ಎತ್ತಿದ ಕಾರಿನ ಚಕ್ರ ಸ್ಪ್ಯಾನರಿನೊಡನೆ ತಾನೂ ತಿರುಗುತ್ತದೆ. ಬಲ ಹಾಕಿದರೆ ಕಾರು ಜಾಕಿಯಿಂದ ಜಾರುತ್ತದೆ. ಹ್ಯಾಂಡ್‌ಬ್ರೇಕು ಎಳೆದು, ಗೇರು ಹಾಕಿ, ಎದುರು ಮೂಲೆಯ ಚಕ್ರದ ಹಿಂದೆ ಮುಂದೆ ಅಡೆಗಲ್ಲು ಇಡಬೇಕು. ಸ್ಪ್ಯಾನರಿನ ತಲೆಯನ್ನು ನಟ್ಟಿನ ಮೇಲೆ ಕೊನೆಯವರೆಗೂ ಕೂರಿಸಬೇಕು. ಅರ್ಧ ಕೂತ ಸ್ಪ್ಯಾನರೇ ನಟ್ಟಿನ ಮೂಲೆಗಳನ್ನು ಸವೆಸಿ ಉರುಟು ಮಾಡುವುದು. ಕಾರಿನ ನಟ್ಟು ಬಿಚ್ಚುವುದು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ. ಆದುದರಿಂದ ಹಿಡಿಯು ನಮ್ಮ ಎಡಗಡೆಗೆ, ನೆಲಕ್ಕೆ ಸಮನಾಗಿ, ಗಡಿಯಾರದಲ್ಲಿ ಒಂಬತ್ತು ತೋರಿಸುವಂತೆ ನಿಲ್ಲಲಿ. ಆಗ ಕೆಳಕ್ಕೆ ಒತ್ತಿದರೆ ಸಾಕು. ಮೇಲಕ್ಕೆ ಎಳೆಯುವವರ ಸೊಂಟ ಹಿಡಿಯುತ್ತದೆ. ಕೆಳಕ್ಕೆ ಒತ್ತುವವರಿಗೆ ದೇಹದ ತೂಕವೇ ನೆರವಾಗುತ್ತದೆ.

ಹೀಗೆ ಒತ್ತಿಯೂ ಅಲುಗದಿದ್ದರೆ ಮೊದಲು ನಟ್ಟನ್ನು ಬಿಗಿಯುವ ದಿಕ್ಕಿನಲ್ಲಿ ತುಸುವೇ ನೂಕಿ ನೋಡುವುದು ಹಳೆಯ ಮೆಕ್ಯಾನಿಕರ ಉಪಾಯ. ವಿಚಿತ್ರವೆನಿಸಿದರೂ ಇದು ಫಲ ಕೊಡುತ್ತದೆ. ತುಕ್ಕಿನ ಬೆಣೆ ಯಾವ ದಿಕ್ಕಿನಲ್ಲಿ ಬಿರುಕು ಬಿಟ್ಟರೂ ಬಿಟ್ಟಂತೆಯೇ. ಆಮೇಲೆ ನಟ್ಟಿನ ತಲೆಯ ಮೇಲೂ ಆರು ಮುಖಗಳ ಮೇಲೂ ಸುತ್ತಿಗೆಯಿಂದ ಹದವಾಗಿ ನಾಲ್ಕಾರು ಏಟು ಹಾಕಬಹುದು. ತುಕ್ಕು ಇಳಿಸುವ ಎಣ್ಣೆಯ ಡಬ್ಬಿ ಇದ್ದರೆ ಬೋಲ್ಟು ನಟ್ಟಿನಿಂದ ಹೊರಬರುವ ಸಂದಿಗೆ ಅದನ್ನು ಬಿಡಬೇಕು. ಇಲ್ಲವಾದರೆ ಸೀಮೆಎಣ್ಣೆ, ಅದೂ ಇಲ್ಲವಾದರೆ ಡೀಸೆಲ್. ಎಣ್ಣೆ ಬಿಟ್ಟ ಕೂಡಲೇ ಬಲ ಹಾಕುವುದು ನಮ್ಮ ಅವಸರದ ಲಕ್ಷಣ. ಕಾಲು ಗಂಟೆಯಾದರೂ ಕಾಯಬೇಕು. ಅಂಗಳದಲ್ಲಿ ಪರೀಕ್ಷಿಸುತ್ತಿರುವವರು ರಾತ್ರಿಯೆಲ್ಲ ನೆನೆಯಲು ಬಿಟ್ಟರೆ ಇನ್ನೂ ಒಳ್ಳೆಯದು. ಎಣ್ಣೆ ಒಳಗಿನ ಬ್ರೇಕಿಗೆ ಇಳಿಯದಂತೆ ಹನಿಹನಿಯಾಗಿ ಬಿಡುವುದನ್ನು ಮಾತ್ರ ಮರೆಯಬಾರದು. ತುದಿ ಮುಚ್ಚಿದ ಟೊಪ್ಪಿಗೆ ನಟ್ಟುಗಳಲ್ಲಿ ಎಣ್ಣೆ ಒಳಕ್ಕೆ ಇಳಿಯುವ ದಾರಿಯೇ ಇರುವುದಿಲ್ಲ, ಅಲ್ಲಿ ಬಲವನ್ನೇ ನಂಬಬೇಕು.

ಬಲವೆಂದರೆ ಉದ್ದ. ಸಂಕಗಿರಿಯ ಲಾರಿ ಕ್ಲೀನರು ಸ್ಪ್ಯಾನರಿಗೆ ಕೊಳವೆ ತುರುಕುವುದನ್ನು ನೋಡದವರಿಲ್ಲ. ಎರಡು ಅಡಿ ಉದ್ದದ ಗಟ್ಟಿ ಕಬ್ಬಿಣದ ಕೊಳವೆಯೊಂದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡರೆ, ಮೇಲೆ ಹೇಳಿದ ನೂರು ಕಿಲೋ ತೂಕದ ಅವಶ್ಯಕತೆ ನಲವತ್ತೈದಕ್ಕೆ ಇಳಿಯುತ್ತದೆ. ಉದ್ದ ಹಿಡಿಯ ನಾಲ್ಕು ಕವಲಿನ ಸ್ಪ್ಯಾನರು ಇನ್ನೂ ಉತ್ತಮ, ಎರಡು ಕೈಗೂ ಸಮನಾಗಿ ಕೆಲಸವಿರುತ್ತದೆ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ಕೊಳವೆಯ ತುದಿಯ ಮೇಲೆ ನಿಂತು ಕುಣಿಯುವವರನ್ನು ರಸ್ತೆಬದಿಯಲ್ಲಿ ಕಾಣುತ್ತೇವೆ. ಅರವತ್ತು ಕಿಲೋ ತೂಕದ ಮನುಷ್ಯ ಮುಕ್ಕಾಲು ಮೀಟರು ಉದ್ದದ ಹಿಡಿಯ ತುದಿಯಲ್ಲಿ ಸುಮ್ಮನೆ ನಿಂತರೇ 45 ಕಿಲೋಗ್ರಾಂ-ಮೀಟರು ಬಲ ಬೀಳುತ್ತದೆ. ಅವನು ಹಾರಿದರೆ ಹನ್ನೆರಡು ಮಿಲಿಮೀಟರು ದಪ್ಪದ ಬೋಲ್ಟು ನಟ್ಟಿನೊಡನೆಯೇ ಮುರಿದು ಬಂದೀತು, ಹಾರಿದವನ ಕಾಲು ಸ್ಪ್ಯಾನರಿನಿಂದ ಜಾರಿ ಮುರಿದೀತು. ನಿಧಾನವಾಗಿ ಏರುವ ಒತ್ತಡ ಹಾಕಿ, ಉಸಿರು ಬಿಟ್ಟು, ಮತ್ತೆ ಹಾಕುವುದೇ ಸರಿಯಾದ ಕ್ರಮ. ಬಿಚ್ಚುವಾಗ ನಟ್ಟು ‘ಟಕ್’ ಎಂದು ಸದ್ದು ಮಾಡುತ್ತದೆ. ಆ ಸದ್ದಿಗೆ ಹೆದರಬೇಕಾಗಿಲ್ಲ. ಸದ್ದಿಲ್ಲದೆ ಮೆತ್ತಗೆ ತಿರುಗುತ್ತಲೇ ಹೋಗಿ ಸಡಿಲವೂ ಆಗದಿದ್ದರೆ ಮಾತ್ರ ಬೋಲ್ಟು ಎಳೆದುಕೊಳ್ಳುತ್ತಿದೆಯೆಂದು ತಿಳಿದು ನಿಲ್ಲಿಸಬೇಕು.

ಹಳೆಯ ಲಾರಿಗಳನ್ನು ಉಳ್ಳವರಿಗೆ ಒಂದು ಮಾತು. ಅಂತಹ ಅನೇಕ ಲಾರಿಗಳ ಎಡಪಕ್ಕದ ಚಕ್ರಗಳ ಬೋಲ್ಟುಗಳಿಗೆ ತಿರುಪಿನ ಸುತ್ತು (ನಮ್ಮ ಕಡೆಯ ತಮಿಳು ಮೆಕ್ಯಾನಿಕರು ‘ಮರೈ’ ಎನ್ನುವುದು) ಎಡಮುರಿಯಾಗಿರುತ್ತದೆ. ಚಕ್ರ ಮುಂದಕ್ಕೆ ಉರುಳುವಾಗ ನಟ್ಟು ತಾನೇ ಸಡಿಲವಾಗದಿರಲೆಂಬುದು ಇದರ ಉದ್ದೇಶ. ಅಂತಹ ನಟ್ಟನ್ನು ಕಾರಿನ ಅಭ್ಯಾಸದಂತೆ ತಿರುಗಿಸಿದವನು ಬೆವರು ಸುರಿಸಿ ಬಿಗಿಯುತ್ತಲೇ ಇರುತ್ತಾನೆ. ಬೋಲ್ಟಿನ ತುದಿಯಲ್ಲೋ ನಟ್ಟಿನ ಮೇಲೋ ಕೆತ್ತಿರುವ ಗುರುತನ್ನು ನೋಡಿ ಕೆಲಸಕ್ಕೆ ತೊಡಗಬೇಕು.

ಮೂಲೆಗಳು ಸವೆದು ಉರುಟಾದ ನಟ್ಟಿಗೆ ಸ್ಪ್ಯಾನರು ಜಾರುತ್ತದೆ. ಹತ್ತೊಂಬತ್ತರ ನಟ್ಟಿಗೆ ಹದಿನೆಂಟರ ಆರು ಮುಖದ ಹಳೆಯ ಸಾಕೆಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ಬಿಚ್ಚುವುದು ವರ್ಕ್‌ಷಾಪುಗಳ ರೂಢಿ. ಆ ಸಾಕೆಟು ಆಮೇಲೆ ನಟ್ಟನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಆದುದರಿಂದ ಒಳ್ಳೆಯ ಸಾಕೆಟನ್ನು ಇದಕ್ಕೆ ಬಲಿಕೊಡಬಾರದು. ಅದೂ ಆಗದಿದ್ದರೆ ಉಳಿಯಿಂದ ನಟ್ಟನ್ನು ಸೀಳುವುದು ಉಳಿಯುವ ದಾರಿ. ಅದು ಕೈನುರಿತವನ ಕೆಲಸ, ಮನೆಯವರದಲ್ಲ.

ಬೆಂಕಿಯ ವಿಚಾರದಲ್ಲಿ ಮಾತ್ರ ನಾನು ಖಂಡಿತವಾಗಿ ‘ಬೇಡ’ ಎನ್ನುತ್ತೇನೆ. ಕಬ್ಬಿಣವನ್ನು ಕಾಯಿಸಿದರೆ ಹಿಗ್ಗುತ್ತದೆ, ಬಿಗಿದ ನಟ್ಟು ಸಡಿಲಗೊಳ್ಳುತ್ತದೆ ಎಂಬುದು ನಿಜ; ಬಂಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುವುದನ್ನು ಕಂಡ ಊರಿನವರಿಗೆ ಆ ಆಲೋಚನೆ ಬರುವುದು ಸಹಜ. ಆದರೆ ಗಾಳಿ ತುಂಬಿದ ಟೈರು ಇರುವ ಚಕ್ರಕ್ಕೆ ಗ್ಯಾಸಿನ ಜ್ವಾಲೆ ಹಿಡಿದರೆ ಒಳಗಿನ ರಬ್ಬರು ಸುಟ್ಟು ಅನಿಲಗಳು ಹುಟ್ಟಿ, ಹೊರಗೆ ಏನೂ ಕಾಣದಿರುವಾಗಲೇ ಟೈರು ಬಾಂಬಿನಂತೆ ಸಿಡಿಯಬಲ್ಲುದು. ಹೀಗೆ ಸಿಡಿದು ಕೆಲಸಗಾರರು ಸತ್ತ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಸೀಮೆಎಣ್ಣೆ ಬಿಟ್ಟ ನಟ್ಟಿನ ಬಳಿ ಬೆಂಕಿ ತರುವುದಂತೂ ಶುದ್ಧ ಅವಿವೇಕ.

ನಟ್ಟುಗಳೆಲ್ಲ ಬಂದು ಚಕ್ರ ಮಾತ್ರ ಗುಂಬಕ್ಕೆ ಅಂಟಿಕೊಂಡಿದ್ದರೆ, ನಟ್ಟುಗಳನ್ನು ಎರಡು ಮೂರು ಸುತ್ತು ಪುನಃ ಹಾಕಿಟ್ಟು, ಟೈರಿನ ಪಕ್ಕಕ್ಕೆ ಅಂಗಾಲಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಒದೆಯಬೇಕು. ನಟ್ಟು ಹಾಕಿಡುವುದು ಏಕೆಂದರೆ ಚಕ್ರ ಒಮ್ಮೆಲೇ ಕಳಚಿ ಮೈಮೇಲೆ ಬೀಳದಿರಲೆಂದು. ಕಾರಿನ ಅಡಿಗೆ ಕೈ ಹಾಕುವ ಮೊದಲು ತೆಗೆದ ಅಥವಾ ಹಾಕಲಿರುವ ಚಕ್ರವನ್ನು ಅಡಿಯಲ್ಲಿ ಮಲಗಿಸುವುದು ಕ್ಷೇಮ.

ಪುನಃ ಬಿಗಿಯುವ ಭಾಗಕ್ಕೆ ಬಂದರೆ ಅಲ್ಲಿಯೇ ಮುಂದಿನ ಸಲದ ಕಷ್ಟವೋ ಸುಖವೋ ನಿರ್ಧಾರವಾಗುತ್ತದೆ. ತಂತಿಯ ಬ್ರಷ್ಷಿನಿಂದ ಬೋಲ್ಟಿನ ಸುತ್ತುಗಳನ್ನೂ ಚಕ್ರ ಕೂರುವ ಮುಖವನ್ನೂ ಉಜ್ಜಿ ಸ್ವಚ್ಛಗೊಳಿಸಬೇಕು. ಇನ್ನು ಮುಂದೆ ಬಿಗಿಯದಿರಲೆಂದು ಗ್ರೀಸು ಬಳಿಯಬೇಕೆಂದು ಕೆಲವರು ವಾದಿಸುತ್ತಾರೆ. ಬಹುಪಾಲು ಕಾರು ತಯಾರಕರು ಒಣ ಸುತ್ತುಗಳನ್ನೇ ಲೆಕ್ಕಕ್ಕೆ ಹಿಡಿದು ಬಲವನ್ನು ನಿಗದಿ ಮಾಡಿರುತ್ತಾರೆ. ಗ್ರೀಸು ಹಚ್ಚಿ ಅದೇ ಬಲದಿಂದ ಬಿಗಿದರೆ ಬೋಲ್ಟು ಅಳತೆ ಮೀರಿ ಸೆಳೆದುಕೊಳ್ಳುತ್ತದೆ. ಆದ್ದರಿಂದ ಬಿಚ್ಚುವಾಗ ಬಿಟ್ಟ ಎಣ್ಣೆಯನ್ನೂ ಒರೆಸಿ ತೆಗೆಯುವುದು ಒಳ್ಳೆಯದು. ಗ್ರೀಸನ್ನು ಹಚ್ಚಲೇಬೇಕೆನಿಸಿದರೆ ಗುಂಬದ ನಡುವಿನ ಅಂಚಿಗೆ, ಚಕ್ರ ಅಂಟುವ ಕಡೆಗೆ ಮಾತ್ರ ತೆಳ್ಳಗೆ ಸವರಬಹುದು. ನಟ್ಟುಗಳನ್ನು ಮೊದಲು ಬೆರಳಿನಿಂದಲೇ ಹಾಕಿ, ಆಮೇಲೆ ಒಂದರ ಎದುರಿನದು ಇನ್ನೊಂದು ಎಂಬ ಕ್ರಮದಲ್ಲಿ ಬಿಗಿದು, ಕಾರನ್ನು ನೆಲಕ್ಕಿಳಿಸಿದ ಮೇಲೆ ಕೊನೆಯ ಬಿಗಿ ಕೊಡಬೇಕು. ಟೈರು ಅಂಗಡಿಯಲ್ಲಿಯೂ ಇದನ್ನೇ ಕೇಳಬೇಕು: ಗನ್ನಿನಿಂದ ಬೇಡ, ಕೈಯಿಂದ, ಸಾಧ್ಯವಾದರೆ ಬಲ ಅಳೆಯುವ ಸ್ಪ್ಯಾನರಿನಿಂದ ಬಿಗಿಯಿರಿ ಎಂದು. ಅಂಗಡಿಯವನು ಮುಖ ಗಂಟಿಕ್ಕಿದರೂ ಕೇಳುವ ಹಕ್ಕು ಹಣ ಕೊಡುವವರದು.

ಅತಿಯಾಗಿ ಬಿಗಿಯುವುದಕ್ಕೆ ಹೆದರಿ ಸಡಿಲ ಬಿಡುವುದು ಇನ್ನೂ ದೊಡ್ಡ ಅಪಾಯ. ಅಡ್ಡಡ್ಡ ಅದುರುವಿಕೆಗೆ ಸಿಕ್ಕಿದ ನಟ್ಟು ಹೇಗೆ ತಾನಾಗಿ ಬಿಚ್ಚಿಕೊಳ್ಳುತ್ತದೆಂಬುದನ್ನು 1969ರಲ್ಲಿ ಜರ್ಮನಿಯ ಎಂಜಿನಿಯರು ಯುಂಕರ್ ಪ್ರಯೋಗದಿಂದ ತೋರಿಸಿಕೊಟ್ಟರು. ಸಾಕಷ್ಟು ಬಿಗಿ ಇರುವವರೆಗೆ ನಟ್ಟು ನಿಲ್ಲುತ್ತದೆ; ಬಿಗಿ ಕಡಿಮೆಯಾಗಿ ಮುಖಗಳು ಒಂದರ ಮೇಲೊಂದು ಜಾರತೊಡಗಿದರೆ ಅದು ಸುತ್ತು ಸುತ್ತಾಗಿ ಹೊರಬರುತ್ತದೆ. ಏರ್ಕಾಡಿನ ಇಪ್ಪತ್ತು ಹೇರ್‌ಪಿನ್ ತಿರುವುಗಳಲ್ಲಿ ಚಕ್ರದ ಮೇಲೆ ಬೀಳುವ ಅಡ್ಡ ಒತ್ತಡ ಸಾಮಾನ್ಯವಾದುದಲ್ಲ. ಆದುದರಿಂದ ಚಕ್ರ ಬದಲಾಯಿಸಿದ ಮೇಲೆ ಐವತ್ತು ನೂರು ಕಿಲೋಮೀಟರು ಓಡಿ, ಚಕ್ರ ತಣ್ಣಗಾದಾಗ, ನಟ್ಟುಗಳನ್ನು ಇನ್ನೊಮ್ಮೆ ನೋಡಬೇಕು. ಹಳೆಯ ಲಾರಿ ಚಾಲಕರು ಬೆಳಗ್ಗೆ ಹೊರಡುವ ಮುನ್ನ ಪ್ರತಿ ನಟ್ಟಿಗೂ ಸುತ್ತಿಗೆಯಿಂದ ಒಂದೊಂದು ಸಣ್ಣ ಏಟು ಹಾಕಿ ಕಿವಿಗೊಡುತ್ತಾರೆ. ಬಿಗಿಯಾದುದು ಗಂಟೆಯಂತೆ ನುಡಿಯುತ್ತದೆ, ಸಡಿಲವಾದುದು ಒಡೆದ ಮಡಕೆಯಂತೆ.

ಅಂಗಳದ ಪರೀಕ್ಷೆಗೆ ಒಂದು ಭಾನುವಾರದ ಬೆಳಗ್ಗೆ ಸಾಕು. ಮನೆಯಲ್ಲಿ ಕಾರು ಓಡಿಸುವವರೆಲ್ಲರೂ, ಸೊಸೆ ಮಗಳು ಎಂಬ ಭೇದವಿಲ್ಲದೆ, ತಲಾ ಒಂದೊಂದು ಚಕ್ರದ ನಟ್ಟುಗಳನ್ನು ಕಾರಿನ ಸ್ಪ್ಯಾನರಿನಿಂದಲೇ ಸಡಿಲಿಸಿ ಪುನಃ ಬಿಗಿಯಲಿ. ಯಾರಿಂದಲೂ ಆಗದ ನಟ್ಟು ಕಂಡುಬಂದರೆ ವರ್ಕ್‌ಷಾಪಿಗೆ ಹೋಗಿ ಬಿಚ್ಚಿಸಿ ಹದವಾಗಿ ಬಿಗಿಸಿಕೊಂಡು ಬರಲಿ. ಕಳ್ಳರ ಭಯಕ್ಕೆ ಬೀಗದ ನಟ್ಟು ಹಾಕಿಸಿದವರು ಅದರ ಕೀಲಿಯನ್ನು ಬೀರುವಿನಲ್ಲಿಡದೆ ಕಾರಿನಲ್ಲಿಯೇ ಇಡಲಿ. ಈಚಿನ ಕೆಲವು ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ, ಬದಲಾಗಿ ಅಂಟುದ್ರವದ ಡಬ್ಬಿಯೂ ಗಾಳಿ ಪಂಪೂ ಇರುತ್ತವೆ. ಅದೂ ಆ ದಿನವೇ ತಿಳಿಯಲಿ.

ಇಷ್ಟಾಗಿಯೂ ತೊಪ್ಪೂರಿನ ಇಳಿಜಾರಿನಲ್ಲಿಯೇ ಚಕ್ರದ ಗಾಳಿ ಹೋದರೆ ಅಲ್ಲಿ ನಿಲ್ಲಬಾರದು. ಅಪಾಯದ ದೀಪಗಳನ್ನು ಮಿನುಗಿಸುತ್ತ, ಎಡ ಅಂಚನ್ನು ಹಿಡಿದು, ನಡೆಯುವ ವೇಗದಲ್ಲಿ ಸಮತಟ್ಟಾದ ಅಗಲ ಜಾಗ ಸಿಗುವವರೆಗೆ ಇಳಿಯಬೇಕು. ಟೈರು ಹಾಳಾಗುತ್ತದೆ, ರಿಮ್ಮೂ ಹಾಳಾದೀತು; ಎರಡನ್ನೂ ಸೇಲಂ ಪೇಟೆಯಲ್ಲಿ ಕೊಳ್ಳಬಹುದು. ಗಾಡಿ ಮುಂದೆ ಹೋಗಲಾರದೆಂದಾದರೆ ಮಕ್ಕಳನ್ನೂ ವೃದ್ಧರನ್ನೂ ಇಳಿಸಿ ತಡೆಗೋಡೆಯ ಆಚೆಗೆ, ಕಾರಿಗಿಂತ ಮೇಲಿನ ಏರಿನ ಕಡೆಗೆ ಕಳುಹಿಸಿ, ಎಚ್ಚರಿಕೆಯ ತ್ರಿಕೋನವನ್ನು ಸಾಕಷ್ಟು ಹಿಂದಕ್ಕೆ ಇಟ್ಟು, ಹೆದ್ದಾರಿಯ 1033 ಸಂಖ್ಯೆಗೆ ಕರೆಮಾಡಬೇಕು. ಇಳಿಜಾರಿನಲ್ಲಿ ಜಾಕಿಯನ್ನು ಡಿಕ್ಕಿಯಿಂದ ಹೊರತೆಗೆಯುವುದೇ ಬೇಡ.